ಬುದ್ಧಿ ಹಲ್ಲು ಕೀಳಿಸುವ ಮುಂಚಿನ ಭೇಟಿ: ವೈದ್ಯರು ಏನು ನೋಡುತ್ತಾರೆ, ನೀವು ಏನು ಹೇಳಬೇಕು

ಅರ್ಧ ವಸಡಿನೊಳಗೆ ಹುದುಗಿದ ಬುದ್ಧಿ ಹಲ್ಲು ನೋಯತೊಡಗಿದರೆ ಇವತ್ತೇ ಕಿತ್ತು ಬಿಸಾಕಿಬಿಡಲಿ ಅನ್ನಿಸುತ್ತದೆ. ಆದರೆ ಡಾಕ್ಟರು ಮಾತ್ರೆ ಬರೆದು ಕೆಲವು ದಿನ ಬಿಟ್ಟು ಬನ್ನಿ ಅನ್ನಬಹುದು. ಅದು ಸುಮ್ಮನೆ ಓಡಾಡಿಸುವುದಲ್ಲ. ಕೀವು ತುಂಬಿ ಊದಿದ ಜಾಗದಲ್ಲಿ ಆಮ್ಲೀಯತೆ ಹೆಚ್ಚು, ಹಾಗಾಗಿ ಮರಗಟ್ಟಿಸುವ ಇಂಜೆಕ್ಷನ್ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಸ್ನಾಯು ಬಿಗಿದು ಬಾಯಿಯೂ ಪೂರ್ತಿ ತೆರೆಯುವುದಿಲ್ಲ. ಊತ ಕುತ್ತಿಗೆಗಿಳಿದರೆ, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮಾತ್ರ ಕಾಯಬಾರದು. ಕ್ಲಿನಿಕ್ ಬಿಟ್ಟು ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮೊದಲ ಭೇಟಿಗೆ ನೀವು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. "ಬಿಪಿಗೊಂದು ಬಿಳಿ ಮಾತ್ರೆ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆಗಳನ್ನು ಹಲ್ಲು ಕೀಳಿಸಬೇಕೆಂದು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಹಲ್ಲಿನ ಗಾಯದ ರಕ್ತವನ್ನು ಒತ್ತಿ, ಹೊಲಿದು ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿ, ಹೃದಯದ ರಕ್ತನಾಳ ತೆರೆದಿಡಲು ಹಾಕಿದ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಸಂಚಕಾರ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ತಿಳಿಸುವ ಐಎನ್‌ಆರ್ ಪರೀಕ್ಷೆ ಬರೆಯುತ್ತಾರೆ, ಸಕ್ಕರೆ ಕಾಯಿಲೆಯವರಿಗೆ ಕಳೆದ ಎರಡು ಮೂರು ತಿಂಗಳ ಸಕ್ಕರೆ ಮಟ್ಟ ತಿಳಿಸುವ ಎಚ್‌ಬಿಎ1ಸಿ. ಹೃದಯದ ಕೃತಕ ಕವಾಟ ಇರುವವರಿಗೆ ಸರ್ಜರಿಗೆ ಮುಂಚೆಯೇ ಆಂಟಿಬಯಾಟಿಕ್ ಕೊಡಬೇಕಾಗುತ್ತದೆ.

ಬಹಳ ಜನ ಹೇಳಲು ಮರೆಯುವುದು ಮೂಳೆ ಸವೆತದ ಔಷಧಿಯನ್ನು. ಜೋಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ವರ್ಷಕ್ಕೊಮ್ಮೆ ಹಾಕಿಸುವಂಥದ್ದು, ದಿನದ ಮಾತ್ರೆಯ ಹಾಗೆ ನೆನಪಿನಲ್ಲಿ ಉಳಿಯುವುದಿಲ್ಲ. ಅದನ್ನು ಪಡೆದವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಸಾಯುವ ಅಪಾಯವಿದೆ. ಔಷಧಿಗೆ ಅಲರ್ಜಿ, ಗರ್ಭಿಣಿಯಾಗಿರುವುದು, ಹಿಂದೆ ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಹೋದದ್ದು, ಇವನ್ನೂ ಕೇಳುವ ಮುಂಚೆಯೇ ಹೇಳಿ.

ಆಮೇಲೆ ಬಾಯಿ ತೆರೆಸಿ ನೋಡುತ್ತಾರೆ. ಮನೆಯಲ್ಲೇ ಪರೀಕ್ಷಿಸಿಕೊಳ್ಳಿ: ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಮುಂದಿನ ಹಲ್ಲುಗಳ ನಡುವೆ ಹಿಡಿಯಬೇಕು. ಗುಟ್ಕಾ, ಅಡಿಕೆ ಹಾಕುವವರಲ್ಲಿ ಕೆನ್ನೆಯ ಒಳಪದರ ನಾರಿನಂತೆ ಬಿಗಿದು ಎರಡು ಬೆರಳೂ ಹಿಡಿಯದೆ ಇರಬಹುದು. ಆಗ ಅದೇ ಹಲ್ಲು ತೆಗೆಯುವುದು ಎಷ್ಟೋ ಪಾಲು ಕಷ್ಟ. ಸಂಕೋಚಪಟ್ಟು ಚಟ ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಬಾಯಿ ತೆರೆದ ಕೂಡಲೇ ಗೊತ್ತಾಗುತ್ತದೆ.

ಮುಂದಿನದು ಓಪಿಜಿ, ಎರಡೂ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ. ಇದನ್ನು ಪರದೆಯ ಮೇಲೆ ತೋರಿಸಿ ವಿವರಿಸಲು ಕೇಳಿ. ಹಲ್ಲು ಮುಂದಕ್ಕೆ ವಾಲಿದೆಯೇ, ಅಡ್ಡ ಮಲಗಿದೆಯೇ, ಪಕ್ಕದ ಹಲ್ಲನ್ನು ಕೆಡಿಸಿದೆಯೇ ನೋಡಿ. ಎಲ್ಲಕ್ಕಿಂತ ಮುಖ್ಯ, ಕೆಳ ತುಟಿ ಮತ್ತು ಗದ್ದದ ಸ್ಪರ್ಶ ತಿಳಿಸುವ ನರದ ಕಾಲುವೆ ಬೇರಿಗೆ ಎಷ್ಟು ಹತ್ತಿರವಿದೆ ಅನ್ನುವುದು. ಬೇರು ನರಕ್ಕೆ ತಾಗಿದಂತೆ ಕಂಡರೆ ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಹೇಳಬಹುದು. ಅದು ದುಡ್ಡು ಕೀಳುವ ಉಪಾಯವಲ್ಲ. ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತಿರುತ್ತದೆ. ಹೆಚ್ಚಿನವರಿಗೆ ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಹಾಗೇ ಉಳಿಯುತ್ತದೆ. ಅಪಾಯ ಹೆಚ್ಚಿದ್ದರೆ ಹಲ್ಲಿನ ತಲೆಭಾಗ ಮಾತ್ರ ಕತ್ತರಿಸಿ ಬೇರನ್ನು ಬಿಡುವ ವಿಧಾನವೂ ಇದೆ, ಕೇಳಿ ನೋಡಿ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅನ್ನುವುದು ಸುಳ್ಳು. ಅಲ್ಲಿ ವಿಚಾರಿಸಬೇಕಾದ್ದು ಕೆನ್ನೆಯ ಮೂಳೆಯೊಳಗಿನ ಗಾಳಿ ತುಂಬಿದ ಟೊಳ್ಳು, ಅಂದರೆ ಸೈನಸ್, ಬೇರಿಗೆ ಎಷ್ಟು ಹತ್ತಿರ ಅಂತ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: ಈಗ ತೆಗೆಸದಿದ್ದರೆ ಏನಾಗುತ್ತದೆ? ಪದೇ ಪದೇ ಕೀವು, ಹುಳುಕು, ಗಂಟು ಅಂದರೆ ಕಾರಣ ಗಟ್ಟಿ. ಯಾವ ತೊಂದರೆಯೂ ಇಲ್ಲದ, ಮೂಳೆಯೊಳಗೆ ಪೂರ್ತಿ ಹುದುಗಿದ ಹಲ್ಲಿಗೆ "ಇರಲಿ ತೆಗೆದುಬಿಡೋಣ" ಅಂದರೆ ಎರಡನೇ ಅಭಿಪ್ರಾಯ ಪಡೆಯಿರಿ. ಸರ್ಜರಿ ಮಾಡುವವರು ಯಾರು ಅಂತಲೂ ತಿಳಿದುಕೊಳ್ಳಿ. ಎಷ್ಟೋ ಕ್ಲಿನಿಕ್‌ಗಳಿಗೆ ಬಾಯಿ ಮತ್ತು ದವಡೆ ಸರ್ಜರಿಯಲ್ಲಿ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರು ಗೊತ್ತುಮಾಡಿದ ದಿನ ಬಂದು ಮಾಡಿ ಹೋಗುತ್ತಾರೆ. ಹಾಗಿದ್ದರೆ ರಾತ್ರಿ ರಕ್ತ ಬಂದರೆ ಫೋನ್ ಯಾರಿಗೆ? ಖರ್ಚು ಕೇಳುವಾಗ ಎಕ್ಸ್‌ರೇ, ಔಷಧಿ, ಹೊಲಿಗೆ ಬಿಚ್ಚುವುದು ಎಲ್ಲ ಸೇರಿಯೇ ಅಂತ ಕೇಳಿ. ಭಾರ ಅನ್ನಿಸಿದರೆ ದಂತ ಕಾಲೇಜುಗಳಿವೆ; ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಪಕ್ಕದ ಸರ್ಕಾರಿ ದಂತ ಕಾಲೇಜಿನಲ್ಲೂ ಈ ಸರ್ಜರಿ ವಿಭಾಗವಿದೆ. ಸರದಿ ಕಾಯಬೇಕು ಅಷ್ಟೆ.

ಹೆಚ್ಚಿನ ಬುದ್ಧಿ ಹಲ್ಲುಗಳನ್ನು ಆ ಜಾಗ ಮಾತ್ರ ಮರಗಟ್ಟಿಸಿಯೇ ತೆಗೆಯುತ್ತಾರೆ. ಅದಕ್ಕೆ ಉಪವಾಸ ಬೇಡ, ತಿಂಡಿ ತಿಂದೇ ಹೋಗಿ. ಖಾಲಿ ಹೊಟ್ಟೆಯಲ್ಲಿ ತಲೆಸುತ್ತು ಬರುವುದೇ ಹೆಚ್ಚು. ಪೂರ್ತಿ ಮತ್ತು ಬರಿಸುವುದಾದರೆ ಗಟ್ಟಿ ಆಹಾರ ಕನಿಷ್ಠ 6 ಗಂಟೆ ಮುಂಚೆ ನಿಲ್ಲಬೇಕು.

ಆಮೇಲಿನ ದಿನಗಳ ಲೆಕ್ಕವನ್ನೂ ಈ ಭೇಟಿಯಲ್ಲೇ ಹಾಕಿಕೊಳ್ಳಿ. ಊತ ಎರಡು ಮೂರನೇ ದಿನ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಹೊಲಿಗೆ ಬಿಚ್ಚಲು ಸುಮಾರು 7 ದಿನ. ಮದುವೆ, ಪರೀಕ್ಷೆ ಆ ವಾರದಲ್ಲಿ ಬರದಂತೆ ದಿನ ಗೊತ್ತುಮಾಡಿ. ಮೊದಲ 24 ಗಂಟೆ ಉಗುಳುವುದು, ಬಾಯಿ ಮುಕ್ಕಳಿಸುವುದು ಬೇಡ. ಎಳನೀರಾದರೂ ಸ್ಟ್ರಾ ಬಿಟ್ಟು ಲೋಟದಲ್ಲಿ ಕುಡಿಯಿರಿ, ಏಕೆಂದರೆ ಚೀಪಿದರೆ ಗಾಯದ ಹೆಪ್ಪು ಕಿತ್ತುಬಂದು ಮೂಳೆ ಬಯಲಾಗುತ್ತದೆ. ಬೀಡಿ ಸಿಗರೇಟೂ ಅದನ್ನೇ ಮಾಡುತ್ತದೆ. ಕಡಿಮೆಯಾಗುತ್ತಿದ್ದ ನೋವು ಮೂರು ನಾಲ್ಕನೇ ದಿನ ಕಿವಿಯವರೆಗೆ ಸಿಡಿಯತೊಡಗಿದರೆ ಇದೇ ಆಗಿರುವುದು ಹೆಚ್ಚು. ನೋವಿನ ಮಾತ್ರೆಯ ಮೇಲೆ ಮಾತ್ರೆ ನುಂಗದೆ ವೈದ್ಯರ ಹತ್ತಿರ ಹೋಗಿ. ಗಾಯ ತೊಳೆದು ಔಷಧಿ ತುಂಬಿದರೆ ನೋವು ಬೇಗ ತಗ್ಗುತ್ತದೆ.