ಜಿಟ್ಸಿಯಲ್ಲಿ ಮೂರನೆಯವರು ಬಂದರೆ ಕಾಲ್ ನಿಲ್ಲುತ್ತಿದ್ದದ್ದು: ನನ್ನ ಅನುಭವ

ಪುಣೆಯ ನಮ್ಮ ಮಕ್ಕಳ ಕನ್ನಡ ತರಗತಿಗೆ ಕೋಥ್ರೂಡ್‌ನ ಮನೆಯಲ್ಲೇ ಒಂದು ಸರ್ವರ್ ಇಟ್ಟು, ಡಾಕರ್ (ತಂತ್ರಾಂಶಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟಂತೆ ಓಡಿಸುವ ಸಾಧನ) ಮೇಲೆ ವಿಡಿಯೋ ಕಾಲ್ ತಂತ್ರಾಂಶ ಜಿಟ್ಸಿ ಮೀಟ್ ಹಾಕಿದ್ದೇವೆ. ಇಬ್ಬರಿದ್ದಾಗ ಮಾತು, ಚಿತ್ರ ಎರಡೂ ಸರಿ. ಮೂರನೆಯವರು ಸೇರಿದ ಕೂಡಲೇ ಎಲ್ಲರ ಕಿಟಕಿಯೂ ಕಪ್ಪು, ದನಿಯೂ ಇಲ್ಲ. ಅವರು ಹೊರಟರೆ ಮತ್ತೆ ಸರಿ. ಚಾಟ್ ಮಾತ್ರ ಓಡುತ್ತಲೇ ಇತ್ತು.

ಬ್ರೌಸರ್ ಬದಲಿಸುವುದು, ವಿಡಿಯೋ ಗುಣಮಟ್ಟ ಇಳಿಸುವುದು, ರ್‍ಯಾಮ್ ಹೆಚ್ಚಿಸುವುದು, ಯಾವುದೂ ಉಪಯೋಗವಾಗಲಿಲ್ಲ.

ಕಾರಣ ಇದು: ಇಬ್ಬರಿದ್ದಾಗ ಜಿಟ್ಸಿ ಅವರನ್ನು ನೇರವಾಗಿ ಜೋಡಿಸುತ್ತದೆ. ಮೂವರಾದರೆ ಎಲ್ಲವೂ ವಿಡಿಯೋಬ್ರಿಜ್ (ಎಲ್ಲರ ಚಿತ್ರ, ದನಿಯನ್ನು ಹಂಚುವ ಸರ್ವರ್ ಭಾಗ) ಮೂಲಕ ಹೋಗಬೇಕು. ಆ ಬ್ರಿಜ್ ಹೊರಗಿನವರಿಗೆ ತನ್ನ ಒಳಗಿನ ಐಪಿ (ನೆಟ್‌ವರ್ಕ್ ವಿಳಾಸ) ಹೇಳುತ್ತಿತ್ತು. ಅಲ್ಲಿಗೆ ಹೊರಗಿನ ಯಾರೂ ತಲುಪುವುದಿಲ್ಲ ಅಲ್ವಾ?

ಮೊದಲು ರೌಟರ್‌ನಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಅದು ಹಲವು ಗ್ರಾಹಕರು ಹಂಚಿಕೊಳ್ಳುವ ಸಂಪರ್ಕ, ಹೊರಗಿನಿಂದ ತಲುಪಲಾಗದು; ಸುಮ್ನೆ ಒದ್ದಾಡಬೇಡಿ, ಇಂಟರ್ನೆಟ್ ಕೊಡುವವರಿಂದ ಸ್ಟ್ಯಾಟಿಕ್ (ಬದಲಾಗದ) ಪಬ್ಲಿಕ್ ಐಪಿ ಪಡೆಯಿರಿ. ಸರಿಯಾದ ಪಬ್ಲಿಕ್ ಐಪಿ ಇದ್ದರೆ ರೌಟರ್‌ನಲ್ಲೇ ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) 10000 ಅನ್ನು ಸರ್ವರ್‌ಗೆ ಫಾರ್ವರ್ಡ್ ಮಾಡಿ. ಪ್ರೋಟೋಕಾಲ್ ಯುಡಿಪಿ ಎಂದೇ ಆರಿಸಿ. ಟಿಸಿಪಿ ಆರಿಸಿದರೆ ಕೆಲಸ ಆಗುವುದಿಲ್ಲ.

ಆಮೇಲೆ ಜಿಟ್ಸಿಯ ಸೆಟ್ಟಿಂಗ್‌ಗಳಿರುವ ಡಾಟ್ ಎನ್ವ್ (.env) ಫೈಲ್ ತೆರೆಯಿರಿ. 'ಜೆವಿಬಿ_ಅಡ್ವರ್ಟೈಸ್_ಐಪಿಎಸ್' (JVB_ADVERTISE_IPS) ಸಾಲಿನ ಮುಂದಿನ ಹ್ಯಾಶ್ ಗುರುತು ತೆಗೆಯಿರಿ. ಸಮ ಚಿಹ್ನೆಯ ನಂತರ ಸರ್ವರ್‌ನ ಲೋಕಲ್ ಐಪಿ, ಅಲ್ಪವಿರಾಮ, ಪಬ್ಲಿಕ್ ಐಪಿ ಬರೆಯಿರಿ. ನಡುವೆ ಜಾಗ ಬಿಡಬೇಡಿ. ಲೋಕಲ್ ಐಪಿ ಬರೆಯದಿದ್ದರೆ ಮನೆಯ ವೈಫೈನಲ್ಲಿರುವವರಿಗೆ ತೊಂದರೆ ಆಗಬಹುದು.

ಕೊನೆಗೆ 'ಡಾಕರ್ ಕಂಪೋಸ್ ಡೌನ್' ಆಜ್ಞೆ ಕೊಡಿ, ನಂತರ 'ಡಾಕರ್ ಕಂಪೋಸ್ ಅಪ್'. ಬರೀ ರೀಸ್ಟಾರ್ಟ್ ಕೊಟ್ಟರೆ ಹೊಸ ಸೆಟ್ಟಿಂಗ್ ಹಿಡಿಯುವುದಿಲ್ಲ. ಪರೀಕ್ಷೆಗೆ ಮೂರು ಫೋನ್ ಬೇಕು, ಒಂದಾದರೂ ಮೊಬೈಲ್ ಡೇಟಾದಲ್ಲಿರಲಿ.