ಮೀಸೆ ಬಂದವರಿಗೆ ಬಣ್ಣದ ಪೆನ್ಸಿಲ್ ಕೊಡ್ಬೇಡಿ: ನನ್ನ ಅನುಭವ

ಬುದ್ಧಿಯ ಬೆಳವಣಿಗೆ ನಿಧಾನ ಇರುವ ದೊಡ್ಡವರಿಗೆ ಅಂತ ನಮ್ಮ ಚರ್ಚಲ್ಲಿ ಶನಿವಾರ ಒಂದು ಗುಂಪು ನಡೆಸ್ತೇನೆ. ಹೋದ ವರ್ಷ ಬಿಷಪರು ಬಂದು ದೃಢೀಕರಣ (ವಿಶ್ವಾಸ ಒಪ್ಪಿಕೊಂಡು ಸಂಸ್ಕಾರಕ್ಕೆ ಸೇರುವ ವಿಧಿ) ಕೊಡುವಾಗ ನಮ್ಮ ಸಭೆಯಲ್ಲಿ ಮೊಣಕಾಲೂರಿದ ಸಾಲಿನಲ್ಲಿ ನಾಲ್ಕು ಜನ ಆ ಗುಂಪಿನವರು. ಅದರಲ್ಲಿ ಒಬ್ಬರಿಗೆ 41 ವರ್ಷ, ಇಷ್ಟು ವರ್ಷ ಅಮ್ಮ ಸಂಸ್ಕಾರಕ್ಕೆ, ಅಂದ್ರೆ ರೊಟ್ಟಿ ದ್ರಾಕ್ಷಾರಸ ತಗೊಳ್ಳಲಿಕ್ಕೆ, ಎದ್ದು ಹೋದಾಗೆಲ್ಲ ಬೆಂಚಲ್ಲಿ ಒಬ್ಬರೇ ಕೂತಿರ್ತಿದ್ರು. ಇದೆಲ್ಲ ಆಗ್ಲಿಕ್ಕಿಲ್ಲ ಅಂತ ಹೇಳಿದವರೇ ಈಗ ಹೇಗೆ ಮಾಡಿದ್ರಿ ಅಂತ ಕೇಳ್ತಾರೆ, ಹಾಗಾಗಿ ಬರೀತಿದ್ದೇನೆ. ಈ ಸೇವೆಯಲ್ಲಿ ಇರುವವರಿಗೇ ಬರೆಯುದು, ಡೌನ್ ಸಿಂಡ್ರೋಮ್ ಎಂತ, ಆಟಿಸಂ ಎಂತ ಅಂತ ಇಲ್ಲಿ ಹೇಳುದಿಲ್ಲ.

ಮೊದಲ ವರ್ಷ ಪೂರ್ತಿ ಹಾಳು. ಎಲ್ಲಾ ಕಡೆ ಆಗುವ ತಪ್ಪನ್ನೇ ನಾನೂ ಮಾಡಿದೆ, ದೊಡ್ಡವರನ್ನ ಸಂಡೇ ಸ್ಕೂಲ್ ಮಕ್ಕಳ ಜೊತೆ ಕೂರಿಸಿದೆ, ಗೊಂಬೆ ಆಟ, ಆಕ್ಷನ್ ಸಾಂಗ್, ಬಣ್ಣ ಹಚ್ಚುವ ಪುಸ್ತಕ. ಒಬ್ಬರು, 34 ವರ್ಷದ ಗಂಡಸು, ಪೆನ್ಸಿಲ್ ಡಬ್ಬಿಯನ್ನ ಮೆಲ್ಲ ನನ್ನ ಕಡೆ ದೂಡಿ ಎದ್ದು ಹೋಗಿ ಕಾಣಿಕೆ ಎಣಿಸುವವರ ಹತ್ತಿರ ನಿಂತ್ರು. ಮೂರು ವಾರ ಕೈ ಹಿಡಿದು ವಾಪಸ್ ಕರ್ಕೊಂಡು ಬಂದೆ, ನಾಲ್ಕನೇ ವಾರ ನನ್ನ ತಲೆಗೆ ಹೋಯ್ತು, ಅವರಿಗೆ ಬೇಕಾದ್ದು ಕೆಲಸ. ಸ್ಪೀಕರಿಗೆ, ಡ್ರಮ್ ಪ್ಯಾಡಿಗೆ ಅಂತ 18 ಸಾವಿರ ಹಾಕಿದ್ದೂ ದಂಡವೇ, ಮೊದಲ ದಿವಸವೇ ಇಬ್ಬರು ಕಿವಿ ಮುಚ್ಚಿಕೊಂಡು ಗೇಟಿನವರೆಗೆ ಓಡಿದ್ರು. ಈಗ ಒಂದು ಹಾರ್ಮೋನಿಯಂ, ಮೈಕ್ ಇಲ್ಲ.

ಈಗ ಶನಿವಾರ ನಾಲ್ಕೂವರೆಗೆ, ಬರೀ 35 ನಿಮಿಷ. ಆರಾಧನೆಯಲ್ಲಿ ಯಾವುದರ ನಂತರ ಯಾವುದು ಅಂತ ತೋರಿಸುವ ಐದು ಚಿತ್ರದ ಕಾರ್ಡ್: ಗಂಟೆ, ಹಾಡು, ವಾಕ್ಯ, ಕಾಣಿಕೆ, ಚಾ. ಮೊದಲು ಇಂಟರ್ನೆಟ್ಟಿನ ಚಿತ್ರ ಪ್ರಿಂಟ್ ತೆಗೆದಿದ್ದೆ, ಯಾರಿಗೂ ತಾಗ್ಲಿಲ್ಲ, ನಮ್ಮದೇ ಗಂಟೆ, ನಮ್ಮದೇ ಕಾಣಿಕೆ ಚೀಲದ ಫೋಟೋ ಮೊಬೈಲಲ್ಲಿ ತೆಗೆದು ಲ್ಯಾಮಿನೇಶನ್ ಮಾಡಿಸಿದ ಮೇಲೆ ಎರಡೇ ವಾರ, ಕಾರ್ಡ್ ಅವರೇ ಮಗುಚಿ ಹಾಕ್ತಾರೆ. ಪ್ರತಿಯೊಬ್ಬರಿಗೂ ಒಂದು ಕೆಲಸ ಉಂಟು. ಯಾರಿಗೆ ಯಾವ ಕೆಲಸ ಅಂತ ಗುರುತಿಸ್ಲಿಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನ ಇಲ್ಲಿ ಬರೆಯುದಿಲ್ಲ, ಬಂದು ಎರಡು ಶನಿವಾರ ಕೂತವರಿಗೆ ಹೇಳ್ತೇನೆ.

ಇನ್ನೊಂದು, ಭಾಷೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಲ್ಲಿಂದ ನಮ್ಮದು ಹೆಚ್ಚು ಕನ್ನಡದ ಆರಾಧನೆ, ಆದ್ರೆ ಮನೆಯಲ್ಲಿ ತುಳು. ಗುಂಪಿನ ಒಬ್ಬಳು ತಂಗಿ ಒಂದೂವರೆ ವರ್ಷ ಬಾಯೇ ಬಿಡ್ಲಿಲ್ಲ. ಒಂದು ದಿವಸ ಸುಮ್ಮನೆ ತುಳು ಗೀತೆ ಎತ್ತಿದೆ ನೋಡಿ, ಪ್ರತಿ ಸಾಲಿನ ಕೊನೇ ಪದ ಅವಳದ್ದೇ! ಅವಳ ಅಜ್ಜಿ ಮಲಗಿಸುವಾಗ ಅದನ್ನೇ ಹಾಡ್ತಿದ್ರಂತೆ. ಅವಳ ಅಮ್ಮ ಹೊರಗೆ ಜಗಲಿಯಲ್ಲಿ ಕೂತು ಅತ್ತದ್ದು ನಾನು ಮರೆಯುದಿಲ್ಲ.

ದುಡ್ಡು. ತಿಂಗಳಿಗೆ ಹತ್ತಿರ ಹತ್ತಿರ 5 ಸಾವಿರ, ಮುಕ್ಕಾಲು ಪಾಲು ರಿಕ್ಷಾಕ್ಕೇ. ಸಭೆಯ ಕಮಿಟಿಯಿಂದ ಎರಡು ವರ್ಷ ಒಂದು ರೂಪಾಯಿ ಇಲ್ಲ. ಬೆಳೆ ಹಬ್ಬದ ಏಲಂನಲ್ಲಿ ನಮ್ಮವರೇ ಬಾಳೆಗೊನೆ, ತೆಂಗಿನಕಾಯಿ ಹೊತ್ತು ಎತ್ತಿ ತೋರಿಸಿದ್ರು, ಒಂದು ಗೊನೆ 2,300ಕ್ಕೆ ಹೋಯ್ತು, ಒಟ್ಟು 26 ಸಾವಿರದ ಹತ್ತಿರ ಆಯ್ತು. ಆ ಹುರುಪಲ್ಲಿ ಪೇಪರ್ ಕವರ್ ಮಾಡಿಸ್ಲಿಕ್ಕೆ ಹೋಗಿ 4 ಸಾವಿರ ಕಳಕೊಂಡೆ. ಅಂಗಡಿಯವರಿಗೆ ವಾರಕ್ಕೆ 500 ಬೇಕು, ನಮ್ಮಲ್ಲಿ ಆಗುದು 80. "ಇವ ಬರುದು ದೇವರ ಆಲಯಕ್ಕೆ, ಫ್ಯಾಕ್ಟರಿಗೆ ಅಲ್ಲ" ಅಂತ ಒಬ್ಬ ತಾಯಿ ಹೇಳಿದ್ರು, ಅಲ್ಲಿಗೆ ನಿಲ್ಲಿಸಿದೆ.

ಚಾ ಹೊತ್ತಲ್ಲಿ ಅಪ್ಪ ಅಮ್ಮಂದಿರದ್ದು ಒಂದೇ ಮಾತು, ನಮ್ಮ ನಂತರ ಯಾರು? 18 ದಾಟಿದ ಮೇಲೆ ಕಾನೂನಿನಲ್ಲಿ ತಾವು ತನ್ನಿಂತಾನೇ ಪೋಷಕರಾಗಿ ಉಳಿಯುದಿಲ್ಲ ಅಂತ ಅರ್ಧ ಜನಕ್ಕೆ ಗೊತ್ತೇ ಇರ್ಲಿಲ್ಲ. ಇಂಥವರಿಗಾಗಿಯೇ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ, ಪೋಷಕರನ್ನ ನೇಮಿಸಿ ಅಂತ ಡಿಸಿಯವರ ಕಮಿಟಿಗೆ ಅರ್ಜಿ ಹಾಕ್ಬೇಕು, ಮೂರು ಮನೆಯವರದ್ದು ನಾವೇ ಕೂತು ಹಾಕಿಸಿದೆವು, ಜೊತೆಗೆ 1 ಲಕ್ಷದ ನಿರಾಮಯ ಆರೋಗ್ಯ ವಿಮೆಯೂ. ಇದೂ ಸೇವೆಯೇ, ಬಿಡ್ಬೇಡಿ.

ದೃಢೀಕರಣಕ್ಕೆ ಹೆಸರು ಕೊಟ್ಟಾಗ ಜಗಳವೇ ಆಯ್ತು. ಒಬ್ಬ ಹಿರಿಯರು ಬೈಬಲಿನ 1 ಕೊರಿಂಥ 11:28 ತೆಗೆದ್ರು, ತನ್ನನ್ನು ತಾನು ಪರೀಕ್ಷಿಸಿಕೊಳ್ಳದವ ಸಂಸ್ಕಾರ ಹೇಗೆ ತಗೊಳ್ಳುದು, ಆರಾಧನೆಯಲ್ಲಿ ಹೇಳುವ ವಿಶ್ವಾಸಪ್ರಮಾಣ ಬಾಯಿಪಾಠ ಬರ್ತದಾ ಅಂತ. ನಾನು ವಾದಕ್ಕೆ ಹೋಗ್ಲಿಲ್ಲ, ಒಂದು ಶನಿವಾರ ಬಂದು ಕೂತ್ಕೊಳ್ಳಿ ಅಂದೆ. ನಾವು ಅಷ್ಟೊತ್ತಿಗೆ 14 ವಾರ ಪ್ರಾರ್ಥನೆ ಮಾಡದ ಬಿಳಿ ರೊಟ್ಟಿಯಲ್ಲಿ ಅಭ್ಯಾಸ ಮಾಡಿ ಆಗಿತ್ತು. ಸಭಾಪಾಲಕರು ಆ 41ರವರಿಗೆ ಮೊದಲು ಚಾದ ಬಿಸ್ಕಿಟ್ ಕೊಟ್ರು, ಅದು ಸೀದಾ ಬಾಯಿಗೆ. ಆಮೇಲೆ ರೊಟ್ಟಿ ಎತ್ತಿದ್ರು. ಇವರು ಕೈಯನ್ನ ಅಂಗಿಗೆ ಒರೆಸಿಕೊಂಡ್ರು, ಬಲಗೈಯನ್ನ ಎಡಗೈ ಮೇಲೆ ಇಟ್ಟು ಕಾದ್ರು, "ಯೇಸು" ಅಂದ್ರು. ಹಿರಿಯರು ಏನೂ ಮಾತಾಡ್ಲಿಲ್ಲ, ಮರುವಾರದ ಕಮಿಟಿಯಲ್ಲಿ ಹೆಸರು ಸೂಚಿಸಿದ್ದು ಅವರೇ.

ದ್ರಾಕ್ಷಾರಸ ಒಬ್ಬರಿಗೆ ಇನ್ನೂ ಆಗುದಿಲ್ಲ, ರೊಟ್ಟಿಯ ತುದಿ ಮಾತ್ರ ಅದ್ದಿ ಕೊಡ್ತೇವೆ. ಆ ಪೆನ್ಸಿಲ್ ಡಬ್ಬಿ ದೂಡಿದವರು ಈಗ ತಿಂಗಳ ಮೊದಲ ಭಾನುವಾರ ದೊಡ್ಡ ಆರಾಧನೆಯಲ್ಲಿ ಕಾಣಿಕೆ ಚೀಲ ಹಿಡೀತಾರೆ, ಶನಿವಾರ ರಾತ್ರಿಯೇ ಅಮ್ಮನ ಹತ್ತಿರ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ ಬಾಗಿಲಿನ ಮೊಳೆಗೆ ತೂಗಿಸಿ ಇಡ್ತಾರಂತೆ.