ಒಂದು ಮೊಳ ದಾರ ಸಾಕು ಕಣ್ರೇ

ಒಂದು ಗುಂಡಿ ಹಚ್ಚೋದಕ್ಕೆ ಎರಡು ಮಾರು ದಾರ ಎಳೆದುಕೊಂಡು ಕೂರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಮತ್ತೆ ಪೋಣಿಸೋಕೆ ಸೋಮಾರಿತನ, ಇನ್ನೇನೂ ಅಲ್ಲ. ಆಮೇಲೆ ಸಿಕ್ಕುಬಿತ್ತು, ದಾರವೇ ಸರಿಯಿಲ್ಲ ಅಂತ ಗೊಣಗಾಟ. ಸೂಜಿಯ ಹತ್ತಿರದ ದಾರ ಹಾಕಿದ ಪ್ರತಿ ಹೊಲಿಗೆಯಲ್ಲೂ ಬಟ್ಟೆಯೊಳಗೆ ತೂರಿ ಹೋಗಿರುತ್ತೆ. ದಾರ ಉದ್ದವಾದಷ್ಟೂ ಆ ಉಜ್ಜಾಟ ಹೆಚ್ಚು. ಕೊನೆಗೆ ಬರುವಷ್ಟರಲ್ಲಿ ಜುಂಗು ಎದ್ದು, ಸವೆದು, ಪಟ್ಟನೆ ಹರಿಯುತ್ತೆ.

ನಮ್ಮಜ್ಜಿ ಹೇಳಿಕೊಟ್ಟ ಅಳತೆ ಒಂದೇ: ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಜೋಡಿ ಎಳೆ ಬೇಕಿದ್ದರೆ ಎರಡು ಮೊಳ ಕತ್ತರಿಸಿ ಮಡಚಿಕೊಳ್ಳಿ. ಮಕ್ಕಳಿಗೆ ಕಲಿಸುವಾಗ ನಿಮ್ಮ ಮೊಳ ಅಲ್ಲ, ಅವರ ಮೊಳ. ಆ ಪುಟ್ಟ ಕೈ ಒಂದೇ ಎಳೆತಕ್ಕೆ ಅಷ್ಟೇ ದೂರ ಹೋಗೋದು. ಉಂಡೆಯಿಂದ ಮೊದಲು ಬಿಚ್ಚಿ ಬಂದ ತುದಿ ಸೂಜಿ ಕಣ್ಣಿಗೆ, ಕತ್ತರಿಸಿದ ತುದಿಗೆ ಗಂಟು.

ಈಗ ಮೇಣದ ವಿಚಾರ. ಇದನ್ನು ಬಿಟ್ಟರೆ ನಾನು ಸುಮ್ಮನಿರೋಳಲ್ಲ. ಗುಂಡಿ, ಹುಕ್ಕು, ಚೀಲದ ಹಿಡಿ, ಹೀಗೆ ಭಾರ ಬೀಳುವ ಜಾಗಕ್ಕೆ ಬರೀ ದಾರ ಹಾಕಬೇಡಿ. ಜೇನುಮೇಣದ ತುಂಡಿದ್ದರೆ ಸರಿ, ಇಲ್ಲದಿದ್ದರೆ ಬಿಳಿ ಮೇಣದಬತ್ತಿ. ಬಣ್ಣದ್ದು ಬೇಡ, ಬಟ್ಟೆಗೆ ಬಣ್ಣ ಹತ್ತುತ್ತೆ. ದಾರವನ್ನು ಮೇಣದ ಮೇಲಿಟ್ಟು ಹೆಬ್ಬೆರಳಿಂದ ಒತ್ತಿ ಹಿಡಿದು ಸರ್ರನೆ ಎಳೀರಿ. ಎರಡು ಮೂರು ಸಲ, ಪ್ರತಿ ಸಲ ಮೇಣದ ಬೇರೆ ಜಾಗದಲ್ಲಿ. ಒಂದೇ ಗೀರಿನಲ್ಲಿ ಎಳೆದರೆ ಮೇಣ ಎರಡಾಗಿ ಸೀಳುತ್ತೆ. ಇಲ್ಲಿಗೆ ನಿಲ್ಲಿಸಿದರೆ ಮೇಣ ಮೇಲ್ಮೇಲೆ ಕೂತು, ಹೊಲಿಯುವಾಗ ಪುಡಿಪುಡಿಯಾಗಿ ಉದುರುತ್ತೆ. ಅದಕ್ಕೇ ಅಚ್ಚಿಲ್ಲದ ಖಾಲಿ ಕಾಗದ ಮಡಚಿ, ನಡುವೆ ದಾರ ಇಟ್ಟು, ಮೇಲೆ ಹದವಾದ ಬಿಸಿಯ ಇಸ್ತ್ರಿಪೆಟ್ಟಿಗೆ ಇಟ್ಟು, ದಾರವನ್ನು ನಿಧಾನವಾಗಿ ಹೊರಗೆ ಎಳೀರಿ. ಕರಗಿದ ಮೇಣ ಎಳೆಯೊಳಗೆ ಇಳಿದು, ಹೆಚ್ಚಾದದ್ದು ಕಾಗದಕ್ಕೆ ಹೋಗುತ್ತೆ. ಪಾಲಿಯೆಸ್ಟರ್ ದಾರಕ್ಕೆ ಬಿಸಿ ಇನ್ನೂ ಕಡಿಮೆ ಸಾಕು. ಸುದ್ದಿಪತ್ರಿಕೆ ಬೇಡವೇ ಬೇಡ, ಮಸಿ ಹತ್ತುತ್ತೆ. ಈಗ ದಾರ ಮುಟ್ಟಿ ನೋಡಿ, ಬಿಗಿಯಾಗಿ, ನುಣ್ಣಗೆ, ಹೇಳಿದ ಮಾತು ಕೇಳುವ ಹಾಗಿರುತ್ತೆ. ತೆಳು ರೇಷ್ಮೆಗೆ ಮಾತ್ರ ಮೇಣ ಬೇಡ, ಕಲೆ ಕೂರಬಹುದು.

ಇಸ್ತ್ರಿ ಅಂದಾಗ ನೆನಪಾಯ್ತು, ಬಣ್ಣದ ಬಟ್ಟೆಯನ್ನು ಒಳಮೈ ಮೇಲೆ ಮಾಡಿಯೇ ಇಸ್ತ್ರಿ ಮಾಡಿ. ಮಡಿಕೆಯೆಲ್ಲ ಹೊಳಪಾಗಿ ಹಳತಾದ ಮೇಲೆ ಬಂದು ಕೇಳಬೇಡಿ.

ಗುಂಡಿಯನ್ನು ಬಟ್ಟೆಗೆ ಅಂಟಿಸಿದ ಹಾಗೆ ಬಿಗಿದುಬಿಡ್ತೀರಿ. ಆಮೇಲೆ ಕಾಜಾದ ಬಟ್ಟೆ ಅದರ ಕೆಳಗೆ ಎಲ್ಲಿ ಕೂರಬೇಕು? ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ಮೇಲಿಂದ ಹೊಲೀರಿ. ಕಡ್ಡಿ ತೆಗೆದು ಗುಂಡಿ ಎತ್ತಿ ಹಿಡಿದರೆ ಕೆಳಗೆ ಸಡಿಲ ಸಿಗುತ್ತೆ. ಸೂಜಿಯನ್ನು ಗುಂಡಿಗೂ ಬಟ್ಟೆಗೂ ನಡುವೆ ತಂದು, ಅಲ್ಲಿರುವ ಎಳೆಗಳ ಕತ್ತಿನ ಸುತ್ತ ದಾರವನ್ನು ಮೂರ್ನಾಲ್ಕು ಸುತ್ತು ಸುತ್ತಿ, ಹಿಂಬದಿಗೆ ಇಳಿಸಿ ಗಂಟು ಹಾಕಿ.

ಮಕ್ಕಳ ಕೈಗೆ ಮೊದಲ ದಿನವೇ ಜಾರುವ ಬಟ್ಟೆ, ಸಣ್ಣ ಸೂಜಿ ಕೊಡುವವರಿಗೆ ಏನು ಹೇಳೋಣ! ಕೈಸೂಜಿಗೆ ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ, ಮಿಷನ್ ಸೂಜಿಗೆ ನಂಬರ್ ಹೆಚ್ಚಾದಷ್ಟೂ ದಪ್ಪ. ಇದು ಗೊತ್ತಿಲ್ಲದೆ ತರ್ತೀರಿ. ಮಗುವಿಗೆ ದೊಡ್ಡ ಕಣ್ಣಿನ ಸೂಜಿ, ಒರಟು ಹತ್ತಿ ಬಟ್ಟೆ, ಬಟ್ಟೆಗೆ ಎದ್ದು ಕಾಣುವ ಬಣ್ಣದ ದಾರ ಕೊಡಿ. ಪೆನ್ಸಿಲ್ ಗೆರೆ ಎಳೆದು ಅದರ ಮೇಲೆ ಸೂಜಿ ಒಳಗೆ ಹೊರಗೆ ಆಡಿಸಲಿ. ಬಟ್ಟೆ ಸುರುಟಿಕೊಂಡರೆ ದಾರ ಬಿಗಿಯಾಯ್ತು ಅಂತ ಅರ್ಥ. ಬೈಯದೆ, ನಾಲ್ಕು ಹೊಲಿಗೆಗೊಮ್ಮೆ ಬೆರಳಿಂದ ಬಟ್ಟೆಯನ್ನು ನೀವಿ ಬಿಡೋದನ್ನು ತೋರಿಸಿ. ತಪ್ಪಿದ್ದನ್ನು ಸೂಜಿಯ ಹಿಂಬದಿಯಿಂದ ಅವರೇ ಬಿಚ್ಚಲಿ.